ಹೆಣದ ಪಾತ್ರಕ್ಕೆ ಹಾಲ್ಕುರಿಕೆ ನಂಜಣ್ಣ

ನಾನು ಮಾಡುತ್ತಿದ್ದ ಕೆಲಸಕ್ಕೆ ಸರಿಯಾದ ಒಂದು ಹೆಸರಿಲ್ಲ. ಸಿನಿಮಾದವರು 'ಲೋಕಲ್ ಏಜೆಂಟ್' ಅನ್ನುತ್ತಿದ್ದರು. ತಿಪಟೂರಿನಲ್ಲಿ 'ಜನ ಕೊಡೋ ಗಿರಿಜಮ್ಮ' ಅನ್ನುತ್ತಿದ್ದರು. ನಮ್ಮತ್ತೆ ಬದುಕಿರುವವರೆಗೂ ಮನೆಗೆ ಬಂದವರಿಗೆಲ್ಲ ನನ್ನ ಸೊಸೆ ಬಟ್ಟೆ ಹೊಲೀತಾಳೆ ಅಂತಲೇ ಹೇಳಿಕೊಂಡು ಬಂದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ತೋಟ ಹುಡುಕಿಕೊಂಡು ಬರುವ ಸಿನಿಮಾ, ಸೀರಿಯಲ್ಲಿನವರಿಗೆ ಮದುವೆಯಲ್ಲಿ ಉಣ್ಣುವ ಜನ, ಜಗಳ ಬಿಡಿಸುವ ಜನ, ಪಂಚಾಯ್ತಿ ಕಟ್ಟೆಯ ಮೇಲೆ ಕೂರುವ ಮೀಸೆಯ ಜನ, ಸತ್ತ ಮನೆಯಲ್ಲಿ ಅಳುವ ಜನ, ಇವರನ್ನೆಲ್ಲ ಒದಗಿಸುವುದು ನನ್ನ ಕೆಲಸವಾಗಿತ್ತು. ಈಗ ಮಂಡಿ ಕೈಕೊಟ್ಟಿದೆ, ಬಿಟ್ಟಿದ್ದೇನೆ. ತುರುವೇಕೆರೆಯ ಭಾಗ್ಯ ಅನ್ನುವ ಹುಡುಗಿ ವಹಿಸಿಕೊಂಡಿದ್ದಾಳೆ. ಅವಳು ಜನರನ್ನು ಫೋನಿನಲ್ಲೇ ಆರಿಸುತ್ತಾಳೆ. ಈ ಕಡೆಯಿಂದ ಫೋಟೋ ಹೋಗುತ್ತದೆ, ಆ ಕಡೆಯಿಂದ ಹೆಬ್ಬೆರಳು ಬರುತ್ತದೆ, ಅಲ್ಲಿಗೆ ಮುಗಿಯಿತು.

ಅವಳೇ ಮೊನ್ನೆ ಮನೆಗೆ ಬಂದು, ನೀವು ಕಂಡಿರುವುದನ್ನು ಬರೆದಿಡಿ, ನಮ್ಮಂಥವರಿಗೆ ಉಪಯೋಗವಾಗುತ್ತದೆ ಅಂದಳು. ಕಂಡಿದ್ದನ್ನೆಲ್ಲ ಬರೆದರೆ ಅರ್ಧ ತಾಲ್ಲೂಕು ನನ್ನ ಬಾಗಿಲಿಗೆ ಜಗಳಕ್ಕೆ ಬರುತ್ತದೆ. ಆದರೆ ನಂಜಣ್ಣನ ವಿಷಯ ಬರೆಯದೆ ಹೋದರೆ ನನಗೆ ಸಮಾಧಾನವಿಲ್ಲ. ಈ ಸೀಮೆ ಸಿನಿಮಾಕ್ಕೆ ಕೊಟ್ಟ ದೊಡ್ಡ ನಟ ಅವನೇ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನೀವು ಅವನನ್ನು ಖಂಡಿತ ನೋಡಿದ್ದೀರಿ, ಗುರುತಿಸಿಲ್ಲ ಅಷ್ಟೆ. ಅವನು ಪರದೆಯ ಮೇಲೆ ಇದ್ದಷ್ಟು ಹೊತ್ತೂ ನೀವು ಪಕ್ಕದಲ್ಲಿ ಅಳುತ್ತಿದ್ದ ಹೀರೋನನ್ನು ನೋಡುತ್ತಿದ್ದಿರಿ.

ಮೊದಲು ನನ್ನ ಮೊದಲನೇ ದಿನದ ಫಜೀತಿ ಹೇಳಿಬಿಡುತ್ತೇನೆ, ಭಾಗ್ಯಳಿಗೆ ಧೈರ್ಯ ಬರಲಿ. ಬಸ್ ಸ್ಟ್ಯಾಂಡ್ ಹಿಂದೆ ನನ್ನದೊಂದು ಹೊಲಿಗೆ ಅಂಗಡಿ ಇತ್ತು. ಒಬ್ಬ ಸಿನಿಮಾ ಮ್ಯಾನೇಜರ್ ಹೀರೋಯಿನ್ನಿನ ರವಿಕೆ ಬಿಗಿ ಮಾಡಿಸಲು ಬಂದವನು, ನಾಳೆ ಅರಳಗುಪ್ಪೆ ದೇವಸ್ಥಾನಕ್ಕೆ ಒಂದಷ್ಟು ಹೆಂಗಸರನ್ನು ಕರೆತರುತ್ತೀರಾ ಅಂತ ಕೇಳಿದ. ಬರಗಾಲದ ಊರು, ತಿನ್ನಲು ಗತಿಯಿಲ್ಲದ ಹೆಂಗಸರು ದೇವರ ಮುಂದೆ ಸೆರಗೊಡ್ಡಿ ಅಳುವ ದೃಶ್ಯ. ನಾನು ಸಿನಿಮಾ ಅಂದೆ, ದೇವಸ್ಥಾನ ಅಂದೆ, ಬರಗಾಲ ಅನ್ನುವುದೊಂದನ್ನು ಹೇಳಲಿಲ್ಲ. ಬೆಳಿಗ್ಗೆ ನೋಡಿದರೆ ಎಲ್ಲರೂ ಮದುವೆ ರೇಷ್ಮೆ ಸೀರೆ ಉಟ್ಟು, ಮೊಳಗಟ್ಟಲೆ ಮಲ್ಲಿಗೆ ಮುಡಿದು ಬಂದು ನಿಂತಿದ್ದಾರೆ. ಒಬ್ಬಳಂತೂ ಪಕ್ಕದ ಮನೆಯ ಡಾಬು ಇಸಿದುಕೊಂಡು ಸೊಂಟಕ್ಕೆ ಕಟ್ಟಿಕೊಂಡಿದ್ದಳು. ನಿರ್ದೇಶಕರು ಒಂದು ಗಂಟು ಹರಕು ಸೀರೆ ತರಿಸಿದರು. ಯಾರೂ ಮುಟ್ಟಲಿಲ್ಲ. ಡಾಬಿನವಳು ಮುಂದೆ ಬಂದು ಎಲ್ಲರ ಪರವಾಗಿ ಹೇಳಿದಳು: 'ನಮ್ ಬೀಗ್ರೂ ಸಿನ್ಮಾ ನೋಡ್ತಾರೆ ಕಣ್ರೀ. ಬರ ನಿಮ್ ಕತೇಲಿ ಬಂದೈತೆ, ನಮ್ ಮನೇಗೆ ಬಂದಿಲ್ವಲ್ಲ.'

ನಿರ್ದೇಶಕರು ಕಲ್ಲುಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ಎದ್ದು, ಮಳೆ ಬಂದಾಯಿತು, ಇವರು ಹರಕೆ ತೀರಿಸಲು ಬಂದಿದ್ದಾರೆ, ನಗುತ್ತಾ ನಡೆಯಿರಿ ಅಂದರು. ಮಿಕ್ಕ ಭಾಗವನ್ನೆಲ್ಲ ಆಗಲೇ ಬೇರೆ ಕಡೆ ತೆಗೆದಾಗಿತ್ತು. ಹಾಗಾಗಿ ಆ ಸಿನಿಮಾದಲ್ಲಿ ಊರಿಗೆ ಊರೇ ಒಣಗಿ, ನಡುವೆ ಒಂದು ಗಳಿಗೆ ರೇಷ್ಮೆ ಸೀರೆ ಉಟ್ಟು, ಮತ್ತೆ ಒಣಗುತ್ತದೆ. ಯಾರೂ ಯಾಕೆ ಅಂತ ಕೇಳಲಿಲ್ಲ. ಅವತ್ತಿನಿಂದ ನಾನು ಪಾತ್ರಕ್ಕಿಂತ ಮುಂಚೆ ಬಟ್ಟೆ ಯಾವುದು ಅಂತ ಹೇಳುವುದನ್ನು ರೂಢಿ ಮಾಡಿಕೊಂಡೆ.

ನಂಜಣ್ಣ ಸಿಕ್ಕಿದ್ದು ಚಿಕ್ಕನಾಯಕನಹಳ್ಳಿ ಪಕ್ಕದ ಒಂದು ಊರಿನಲ್ಲಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಕಾಗದಪತ್ರದಲ್ಲಿ ನಂಜಪ್ಪ, ಊರಿಗೆಲ್ಲ ನಂಜಣ್ಣ, ಹಾಗಾಗಿ ನನಗೂ ನಂಜಣ್ಣ. ಹಾಲ್ಕುರಿಕೆಯವನು. ಕೊಬ್ಬರಿ ಸುಲಿಯುವ ಕೆಲಸ. ಕೇಳಿದರೆ ಮಾತ್ರ ಮಾತು, ಅದೂ ಎರಡು ಸಲ ಕೇಳಿದರೆ. ಅವತ್ತು ಸಾವಿನ ಮನೆಯ ಗುಂಪಿನಲ್ಲಿ ಹಿಂದೆ ನಿಲ್ಲಲು ಕರೆತಂದಿದ್ದೆ. ಸಾಯಬೇಕಾಗಿದ್ದವರು ಹೀರೋನ ಅಪ್ಪ. ಆ ಪಾತ್ರಕ್ಕೆ ಬೆಂಗಳೂರಿನಿಂದ ಬಂದಿದ್ದ ಹಿರಿಯ ನಟರು ಬದುಕಿರುವ ಭಾಗವನ್ನೆಲ್ಲ ಚೆನ್ನಾಗಿ ಮಾಡಿದರು. ಹೆಣವಾಗುವ ಹೊತ್ತಿಗೆ, ನನ್ನ ಜಾತಕದಲ್ಲಿ ಈಗ ಸಮಯ ಸರಿಯಿಲ್ಲ ಅಂತ ಹೇಳಿ ಕಾರು ಹತ್ತಿ ಹೊರಟುಹೋದರು.

ಅದೇ ಮೈಕಟ್ಟಿನವರು ಯಾರಾದರೂ ಬೇಕು, ಮುಖಕ್ಕೆ ವಿಭೂತಿ ಬಳಿದರೆ ಗೊತ್ತಾಗುವುದಿಲ್ಲ ಅಂತ ಮ್ಯಾನೇಜರ್ ನನ್ನ ಮೇಲೆ ಬಿದ್ದ. ನಾನು ಒಬ್ಬೊಬ್ಬರನ್ನೇ ಕೇಳುತ್ತಾ ಬಂದೆ. ಜೀವ ಇರುವವನು ಹೆಣವಾಗುವುದೇ ಅಂತ ಒಬ್ಬ ಬಜ್ಜಿ ತಟ್ಟೆ ಸಮೇತ ಎದ್ದು ಹೋದ. ನಂಜಣ್ಣ ಮಾತ್ರ, ಮಾತಾಡಬೇಕಾಗುತ್ತದಾ ಅಂತ ಕೇಳಿದ. ಇಲ್ಲ ಅಂದೆ. ಅಂಗಾದ್ರೆ ಆಯ್ತದೆ ಅಂದ.

ಸ್ನಾನ ಮಾಡಿ ಬಂದವನು ನೇರವಾಗಿ ಹೋಗಿ, ಗೋಡೆಯ ಪಕ್ಕ ಚಕ್ಕಳಮಕ್ಕಳ ಹಾಕಿ, ಕೈ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟ. ನಿರ್ದೇಶಕರು ಬಂದು, ಅಪ್ಪಾ, ನೀನು ಪೂಜೆಗೆ ಕೂತಿಲ್ಲ, ಸತ್ತಿದ್ದೀಯ, ಮಲಗು ಅಂದರು.

'ನಮ್ಮನೇಲಿ ಹೆಣ ಕೂರ್ತದೆ ಸಾರ್, ಮಲಗಾಕಿಲ್ಲ' ಅಂದ ನಂಜಣ್ಣ.

ನಮ್ಮ ಕಡೆ ಶೈವರ ಮನೆಗಳಲ್ಲಿ ಹಾಗೆಯೇ. ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ, ತಲೆ ಬೀಳದ ಹಾಗೆ ಬಟ್ಟೆಯಲ್ಲಿ ಕಟ್ಟುತ್ತಾರೆ, ವಿಭೂತಿ ಧರಿಸಿ ಹಾರ ಹಾಕುತ್ತಾರೆ, ಕೂತ ಹಾಗೆಯೇ ಹೊತ್ತುಕೊಂಡು ಹೋಗುತ್ತಾರೆ. ಮಿಕ್ಕ ಪ್ರಪಂಚದಲ್ಲಿ ಹೆಣ ಮಲಗುತ್ತದೆ ಅನ್ನುವುದು ನಂಜಣ್ಣನ ತಲೆಗೇ ಬಂದಿರಲಿಲ್ಲ. ನಿರ್ದೇಶಕರು ಮೊದಲು ನಕ್ಕರು. ಹೋಗಿ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿದ ಮೇಲೆ ನಗು ನಿಲ್ಲಿಸಿದರು. ಕಥೆಯ ಮನೆತನವೂ ನಮ್ಮಂಥದ್ದೇ. ಬರೆದವರಿಗೆ ಹೆಣ ಕೂರಿಸುವುದು ಗೊತ್ತಿರಲಿಲ್ಲ, ಅಷ್ಟೆ.

ಮಲಗಿದ ಹೆಣ ಯಾರು ಬೇಕಾದರೂ ಆಗಬಹುದು. ಕೂತ ಹೆಣ ಆಗುವುದು ಹುಡುಗಾಟವಲ್ಲ. ಹೊಟ್ಟೆ ಏಳುವುದು ಕಾಣುತ್ತದೆ, ಕತ್ತಿನ ನರ ಕಾಣುತ್ತದೆ. ತಲೆ ನೆಟ್ಟಗಿದ್ದರೆ ಬದುಕಿದ್ದಾನೆ ಅನ್ನಿಸುತ್ತದೆ, ವಾಲಿದರೆ ತೂಕಡಿಸುತ್ತಿದ್ದಾನೆ ಅನ್ನಿಸುತ್ತದೆ. ನಂಜಣ್ಣನ ತಲೆ ಇವೆರಡರ ನಡುವೆ ಎಲ್ಲೋ ಒಂದು ಕಡೆ ನಿಂತಿತ್ತು. ಶಾಟ್ ನಡೆಯುತ್ತಿದ್ದಾಗ ಪಕ್ಕದ ಹೊಲದ ಕುರಿ ಮಂದೆಯಿಂದ ಒಂದು ಕುರಿ ತಪ್ಪಿಸಿಕೊಂಡು ಬಂತು. ಗುಂಪಿನ ಕಾಲುಗಳ ನಡುವೆ ನುಗ್ಗಿ, ನಂಜಣ್ಣನ ಕೊರಳಿನ ಚೆಂಡುಹೂವಿನ ಹಾರವನ್ನು ಒಂದೊಂದೇ ಹೂವಾಗಿ ತಿಂದು ಮುಗಿಸಿ, ಗಲ್ಲ ಮೂಸಿ, ಹೊರಟುಹೋಯಿತು. ಅವನ ರೆಪ್ಪೆ ಕೂಡ ಅಲ್ಲಾಡಲಿಲ್ಲ. ಅಷ್ಟು ಹೊತ್ತಿಗೆ ತುಮಕೂರು ಬಸ್ಸಿನಿಂದ ಇಳಿದ ಇಬ್ಬರು ಹೆಂಗಸರು ಗುಂಪು ನೋಡಿ ಬಂದು, ಎದೆ ಎದೆ ಬಡಿದುಕೊಂಡು, ಇಂಥ ಧರ್ಮಾತ್ಮ ಮತ್ತೆ ಹುಟ್ಟಿ ಬರುತ್ತಾನಾ ಅಂತ ರಾಗವಾಗಿ ಅತ್ತರು. ಚೆನ್ನಾಗಿ ಅತ್ತಾದ ಮೇಲೆ ಒಬ್ಬಳು ನನ್ನ ಕಿವಿಯಲ್ಲಿ, ಯಾರು ಹೋಗಿದ್ದು ಅಂತ ಕೇಳಿದಳು.

ರಾತ್ರಿ ಊಟದ ಹೊತ್ತಿನಲ್ಲಿ, ಅದು ಹೇಗೆ ಮಾಡಿದೆ ಅಂತ ಕೇಳಿದೆ. ಎರಡನೇ ಸಲ ಕೇಳಿದ ಮೇಲೆ ಹೇಳಿದ. 'ಅಟ್ಟದ ಮೇಲೆ ಕಾಯಿ ವರ್ಸಗಟ್ಲೆ ಇರ್ತದಲ್ಲಕ್ಕಾ. ಮೇಲಿಂದ ನೋಡುದ್ರೆ ಅಂಗೇ ಇರ್ತದೆ. ಒಳಗ್ಮಾತ್ರ ಕೊಬ್ರಿ ಚಿಪ್ಪು ಬುಟ್ಕೊಂಡಿರ್ತದೆ. ನಾನೂ ಒಳಗ್ ಬುಟ್ಕೊಂಡ್ ಕೂತ್ಕೋತೀನಿ.' ಇಷ್ಟು ಮಾತಾಡಿದ್ದಕ್ಕೆ ಅವನಿಗೇ ನಾಚಿಕೆಯಾಗಿ ಅನ್ನದ ಕಡೆ ತಿರುಗಿದ.

ಇನ್ನು ನಗು ಶಾಟಿನ ವಿಷಯ. ಸಿನಿಮಾದವರಲ್ಲಿ ಒಂದು ಪದ್ಧತಿ ಇದೆ. ಹೆಣದ ಪಾತ್ರ ಮಾಡಿದವರು ಶಾಟ್ ಮುಗಿದ ಕೂಡಲೇ ಎದ್ದು, ದೃಷ್ಟಿ ತೆಗೆಸಿಕೊಂಡು, ಓಡುತ್ತಿರುವ ಕ್ಯಾಮೆರಾ ನೋಡಿ ನಗಬೇಕು. ನಗದಿದ್ದರೆ ಸಾವು ಮೈಗೆ ಅಂಟಿಕೊಳ್ಳುತ್ತದಂತೆ. ಆ ತುಂಡನ್ನು ಆಮೇಲೆ ಕತ್ತರಿಸಿ ಎಸೆಯುತ್ತಾರೆ. ನಮ್ಮ ಊರಲ್ಲಂತೂ ಇದಕ್ಕೆ ಕಾಯಿಯ ಬರವೇನಿಲ್ಲ, ಒಂದರ ಬದಲು ನಾಲ್ಕು ಒಡೆಯುತ್ತಿದ್ದೆವು. ನಂಜಣ್ಣ ಎದ್ದ, ಕಾಯಿ ಒಡೆಯಿತು, ಕ್ಯಾಮೆರಾ ಓಡಿತು. ನಗಲು ಬರಲಿಲ್ಲ. ನಗು ಅಂದರೆ ಹಲ್ಲು ನೋವಿನವನ ಹಾಗೆ ತುಟಿ ಎರಡೂ ಕಡೆ ಎಳೆದುಕೊಂಡು ನಿಂತ. ಹೆಣದ ಶಾಟ್ ಒಂದೇ ಟೇಕಿಗೆ ಮುಗಿದಿತ್ತು. ನಗು ಶಾಟಿಗೆ ಬಿಸಿಲು ಇಳಿದುಹೋಯಿತು. ಹಾಸ್ಯ ನಟರನ್ನು ಕರೆಸಿದರು. ಮ್ಯಾನೇಜರ್ ಕಂಕುಳಿಗೆ ಕಚಗುಳಿ ಇಟ್ಟ. ಕೊನೆಗೆ ನಿರ್ದೇಶಕರೇ ತಲೆ ಮೇಲೆ ಟವಲ್ ಹಾಕಿಕೊಂಡು ಕುಣಿದರು. ನಂಜಣ್ಣ ಗೌರವದಿಂದ ಕೈ ಮುಗಿದುಕೊಂಡು ನೋಡುತ್ತಿದ್ದ. ಹಲ್ಲು ಕಂಡವಲ್ಲ, ಅದೇ ನಗು ಅಂತ ಕ್ಯಾಮೆರಾದವರು ಒಪ್ಪಿಕೊಂಡು ಮುಗಿಸಿದರು. ಅಲ್ಲಿಂದ ಮುಂದೆ ಪ್ರತಿ ಸಿನಿಮಾದಲ್ಲೂ ಇದೇ ಕತೆ.

ಸುದ್ದಿ ಕೇಳಿ ಅವನ ಹೆಂಡತಿ ಗೌರಮ್ಮ ನನ್ನ ಅಂಗಡಿಗೆ ಬಂದು ರಂಪ ಮಾಡಿದಳು. ಕೆಟ್ಟ ಹೆಂಗಸಲ್ಲ, ಗಂಡ ಅಂದರೆ ಪ್ರಾಣ. ಮುತ್ತೈದೆ ನಾನು, ನನ್ನ ಗಂಡನಿಗೆ ಹಾರ ಹಾಕಿ ಕೂರಿಸಿದ್ದೀರಲ್ಲ, ನಿಮಗೆ ಒಳ್ಳೆಯದಾಗುತ್ತದಾ ಅಂತ ಬಾಯಿಗೆ ಬಂದಂತೆ ಬೈದಳು. ನಗು ಶಾಟಿನ ಪದ್ಧತಿಯನ್ನು ವಿವರಿಸಿದ ಮೇಲೆ ಸ್ವಲ್ಪ ತಣ್ಣಗಾದಳು. ಎರಡು ಷರತ್ತು ಹಾಕಿದಳು. ಪ್ರತಿ ಸಲ ನಗು ಶಾಟ್ ಆಗಲೇಬೇಕು, ಅದಾಗುವಾಗ ಎದುರಿಗೆ ನೀವು ಇರಲೇಬೇಕು ಅಂದಳು. ಮೂರನೆಯದನ್ನು ತನಗೆ ತಾನೇ ಹಾಕಿಕೊಂಡಳು. ಗಂಡ ಹೆಣವಾಗಿರುವುದನ್ನು ಜನ್ಮದಲ್ಲಿ ನೋಡುವುದಿಲ್ಲ ಅಂದಳು. ಗಂಡ ಕರೆದರೆ ಸಿನಿಮಾಕ್ಕೆ ಹೋಗುತ್ತಿದ್ದಳು, ಅವನ ದೃಶ್ಯ ಹತ್ತಿರ ಬರುತ್ತಿದ್ದ ಹಾಗೆ ಸೆರಗನ್ನು ಮುಖದ ತುಂಬ ಎಳೆದುಕೊಳ್ಳುತ್ತಿದ್ದಳು. ಪಕ್ಕದವರು ಅತ್ತು ಮೂಗು ಒರೆಸಿಕೊಂಡಾದ ಮೇಲೆ, ಆಯ್ತಾ ಅಂತ ಕೇಳಿ ಸೆರಗು ತೆಗೆಯುತ್ತಿದ್ದಳು.

ವರ್ಷಗಳು ಹೋದವು. ನಂಜಣ್ಣ ಹೆಣವಾಗದ ಹಳ್ಳಿ ಕತೆ ಇರಲಿಲ್ಲ ಅನ್ನುವಷ್ಟು ಆಯಿತು. ಕೂತ ಹೆಣ ನೋಡಿದ ನಿರ್ದೇಶಕರು ಮಲಗಿದ ಹೆಣಕ್ಕೂ, ಬಾವಿಯಲ್ಲಿ ತೇಲುವ ಹೆಣಕ್ಕೂ ಅವನನ್ನೇ ಕರೆಯುತ್ತಿದ್ದರು. ಗಾಡಿಯಲ್ಲಿ ಕೂತು ಬರುವಾಗ ಒಮ್ಮೆ ನಾನು, ಇಷ್ಟು ಚೆನ್ನಾಗಿ ಮಾಡುತ್ತೀಯ, ಟೈಟಲ್ಲಿನಲ್ಲಿ ನಿನ್ನ ಹೆಸರು ಬರಬೇಕು, ಪ್ರಶಸ್ತಿ ಬರಬೇಕು, ನಿನಗೆ ಆಸೆಯಿಲ್ಲವಾ ಅಂತ ಕೇಳಿದೆ.

ಎಂದಿನಂತೆ ಎರಡನೇ ಸಲ ಕೇಳಿದ ಮೇಲೆ ಹೇಳಿದ. 'ಅವ್ಳೊಂದ್ ಸಲ ನೋಡ್ಬೇಕು ಕಣಕ್ಕಾ. ಊರೋರು ನೋಡುದ್ರೆಷ್ಟು ಬುಟ್ರೆಷ್ಟು.'

ಅದು ನನ್ನ ಕೈಯಲ್ಲಿರಲಿಲ್ಲ. ಹೆಸರು ಹಾಕಿಸುವುದು ನನ್ನ ಕೈಯಲ್ಲಿದೆ ಅಂದುಕೊಂಡು ಅದನ್ನು ಹಿಡಿದೆ. ಒಬ್ಬ ನಿರ್ಮಾಪಕರು, ಹೆಣ ಅಂತ ಬರೆದು ಮುಂದೆ ಬದುಕಿರುವವನ ಹೆಸರು ಹಾಕಿದರೆ ಅಪಶಕುನ, ಸಿನಿಮಾನೇ ಮಲಗುತ್ತದೆ ಅಂದರು. ಕೂತ ಹೆಣ ಸಾರ್, ಮಲಗುವುದಿಲ್ಲ ಅಂತ ಅಂದುನೋಡಿದೆ, ನಗಲಿಲ್ಲ. ಇನ್ನೊಬ್ಬರು ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಆ ಸಿನಿಮಾ ತಿಪಟೂರಿಗೆ ಬಂದಾಗ ನಾನೇ ಗೌರಮ್ಮನನ್ನೂ ನಂಜಣ್ಣನನ್ನೂ ಕರೆದುಕೊಂಡು ಹೋಗಿ ಮುಂದೆ ಕೂರಿಸಿದೆ, ಅವಳು ಟೈಟಲ್ಲಾದರೂ ನೋಡಲಿ ಅಂತ. ಹೆಸರು ಬಂತು, ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಉರಿಯುವ ದೀಪದ ಚಿತ್ರ. 'ದಿವಂಗತ ಹಾಲ್ಕುರಿಕೆ ನಂಜಪ್ಪನವರಿಗೆ ಅರ್ಪಣೆ.' ಪಾತ್ರದ ಮುಂದೆ ಹೆಣ ಅಂತ ಇದ್ದದ್ದನ್ನು ನೋಡಿ, ಟೈಟಲ್ ಮಾಡುವವರು ಇವರು ಹೋಗಿಬಿಟ್ಟಿದ್ದಾರೆ ಅಂದುಕೊಂಡು ಭಕ್ತಿಯಿಂದ ಮಾಡಿದ್ದರು. ಗೌರಮ್ಮ ಸಿನಿಮಾ ಮುಗಿಯುವವರೆಗೆ ಗಂಡನ ತೋಳು ಬಿಡಲಿಲ್ಲ. ಆಮೇಲೆ ಎಷ್ಟೋ ದಿನ ನನ್ನ ಜೊತೆ ಮಾತೂ ಆಡಲಿಲ್ಲ.

ಕೆಲಸದ ರೀತಿಯೂ ಬದಲಾಗುತ್ತಿತ್ತು. ಮೊದಲು ರೀಲು ಹಾಳಾಗುತ್ತದೆ ಅಂತ ಎಲ್ಲರೂ ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಿದ್ದರು. ಡಿಜಿಟಲ್ ಬಂದ ಮೇಲೆ ಹತ್ತು ಸಲ ತೆಗೆದರೂ ಕೇಳುವವರಿಲ್ಲ, ತಪ್ಪಿದ್ದನ್ನು ಕಂಪ್ಯೂಟರಿನಲ್ಲಿ ತಿದ್ದುತ್ತಾರೆ. ಕೊನೆಕೊನೆಗೆ ಬಂದಿದ್ದ ಒಬ್ಬ ಯುವ ನಿರ್ದೇಶಕ ಮುಂಬೈಯಲ್ಲಿ ರಬ್ಬರಿನ ಹೆಣ ಮಾಡಿಸಿಕೊಂಡು ಬಂದಿದ್ದ. ಒಳ್ಳೆಯ ಹುಡುಗ, ಕೆಲಸ ಬಲ್ಲವನು. ಹೆಣಕ್ಕೆ ಕಿವಿಯ ಮೇಲಿನ ಕೂದಲು ಕೂಡ ಒಂದೊಂದೇ ನೆಟ್ಟಿದ್ದರು. ಕತೆಯಂತೆ ಅದನ್ನು ಕೂರಿಸಬೇಕಿತ್ತು. ಮಾಡಿದವರಿಗೆ ಹೆಣ ಕೂರುತ್ತದೆ ಅಂತ ಗೊತ್ತಿರಲಿಲ್ಲ, ಮಂಡಿ ಮಡಿಸುವ ಹಾಗೆ ಮಾಡಿರಲಿಲ್ಲ. ನಾಲ್ಕು ಜನ ಹಿಡಿದು ಮಡಿಸಲು ಹೋದಾಗ ಒಂದು ಕಾಲು ಕಿತ್ತು ಕೈಗೆ ಬಂತು. ನಿರ್ದೇಶಕ ಆ ಕಾಲನ್ನು ಹಿಡಿದುಕೊಂಡೇ ನನಗೆ ಫೋನ್ ಮಾಡಿದ.

ನಂಜಣ್ಣ ಬಂದು ಕೂತ. ಹುಡುಗ ಧೈರ್ಯ ಹೇಳಲು ಹೋಗಿ, ಉಸಿರಾಡಿದರೂ ಪರವಾಗಿಲ್ಲ ಅಣ್ಣಾ, ಆಮೇಲೆ ಅಳಿಸುತ್ತೇವೆ ಅಂದ. ಅಷ್ಟು ವರ್ಷದಲ್ಲಿ ನಂಜಣ್ಣನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

'ಸಿಕ್ಕುದ್ರೆ ಅಳ್ಸಿ' ಅಂದ.

ಕಂಪ್ಯೂಟರಿನ ಮುಂದೆ ಕೂತವರು ಹುಡುಕಿ ಹುಡುಕಿ ಸೋತು, ಅಳಿಸಲು ಏನೂ ಇಲ್ಲ ಅಂದರಂತೆ. ನಿರ್ದೇಶಕ ತಾನಾಗಿ ಫೋನ್ ಮಾಡಿ, ಇವರ ಹೆಸರನ್ನು ದೀಪ ಗೀಪ ಇಲ್ಲದೆ ಸರಿಯಾಗಿ ಹಾಕುತ್ತೇನೆ, ಇದು ಈ ಸಿನಿಮಾದ ಅತ್ಯುತ್ತಮ ಅಭಿನಯ ಅಂದ. ನಾನು ಅಂಗಡಿ ಬಾಗಿಲು ಹಾಕಿಕೊಂಡು ಅತ್ತೆ.

ಆ ಸಿನಿಮಾ ಬಿಡುಗಡೆಯಾಗುವುದಕ್ಕೆ ಮುಂಚೆ ಸನ್ಮಾನದ ಗಲಾಟೆ ನಡೆಯಿತು. ತಿಪಟೂರಿನ ಕೊಬ್ಬರಿ ವ್ಯಾಪಾರಿಗಳು ಕೆಲವರು ಸೇರಿ ಕಲಾಭಿಮಾನಿಗಳ ಬಳಗ ಅಂತ ಮಾಡಿಕೊಂಡಿದ್ದರು. ನಮ್ಮ ನೆಲದ ಎಲೆಮರೆ ಪ್ರತಿಭೆ ಅಂತ ನಂಜಣ್ಣನಿಗೆ ಸನ್ಮಾನ ಇಟ್ಟುಕೊಂಡರು. ಮುಖ್ಯ ಅತಿಥಿಗಳು ಒಬ್ಬ ಮಾಜಿ ಜನಪ್ರತಿನಿಧಿ. ಅವರಿಗೆ ಅವತ್ತು ಒಂದು ಗೃಹಪ್ರವೇಶ, ಒಂದು ಸಾವಿನ ಮನೆ, ಆಮೇಲೆ ನಮ್ಮ ಸನ್ಮಾನ. ನಮ್ಮ ಕಾರ್ಯಕ್ರಮ ಬಳಗದ ಅಧ್ಯಕ್ಷರ ಗೋಡೌನಿನಲ್ಲಿ. ಕಾಯಿ ಚೀಲಗಳನ್ನು ಒಂದು ಕಡೆ ಪೇರಿಸಿ, ವೇದಿಕೆಯ ಮೇಲೆ ಕೆಂಪು ಜಮಖಾನ ಹಾಸಿದ್ದರು.

ಅತಿಥಿಗಳು ಎಷ್ಟು ಹೊತ್ತಾದರೂ ಬರಲಿಲ್ಲ. ಜನ ಗುಜುಗುಜು ಅನ್ನತೊಡಗಿದರು. ಅಧ್ಯಕ್ಷರಿಗೆ ಏನು ತೋಚಿತೋ, ಕಾಯುವ ಹೊತ್ತಿನಲ್ಲಿ ಕಲಾವಿದರು ತಮ್ಮ ಕಲೆಯನ್ನು ಪ್ರದರ್ಶಿಸಬೇಕು ಅಂತ ಮೈಕಿನಲ್ಲಿ ಹೇಳಿಬಿಟ್ಟರು. ನಂಜಣ್ಣ ನನ್ನ ಮುಖ ನೋಡಿದ. ಮಾತಾಡಬೇಕಾಗಿಲ್ಲ ಅಂದೆ. ಹಣೆಯ ತುಂಬ ವಿಭೂತಿ ಹೇಗೂ ಇತ್ತು. ಶಾಲು ಹೊದಿಸಿಯಾಗಿತ್ತು, ಹಾರ ಹಾಕಿಯಾಗಿತ್ತು. ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ, ಒಳಗೆ ಬಿಟ್ಟುಕೊಂಡ. ಗೋಡೌನು ಸ್ತಬ್ಧವಾಯಿತು. ಮುಂದಿನ ಸಾಲಿನಲ್ಲಿದ್ದ ಗೌರಮ್ಮ ಅಭ್ಯಾಸದಂತೆ ಮುಖದ ತುಂಬ ಸೆರಗು ಎಳೆದುಕೊಂಡಳು.

ಆ ಗಳಿಗೆಯಲ್ಲಿ ಅತಿಥಿಗಳು ಒಳಗೆ ಬಂದರು. ಅವರೂ ನಮ್ಮ ಕಡೆಯವರೇ. ಒಬ್ಬ ಮನುಷ್ಯನನ್ನು ವಿಭೂತಿ ಬಳಿದು, ಹಾರ ಹಾಕಿ, ಕಣ್ಣು ಮುಚ್ಚಿ ಕೂರಿಸಿದ್ದಾರೆ. ಸುತ್ತ ಜನ ಉಸಿರೆತ್ತದೆ ಕೂತಿದ್ದಾರೆ. ಮುಂದೆ ಹೆಂಡತಿ ಮುಖ ಮುಚ್ಚಿಕೊಂಡಿದ್ದಾಳೆ. ಸನ್ಮಾನವಾಗುವಷ್ಟರಲ್ಲಿ ಕಲಾವಿದ ಹೋಗಿಬಿಟ್ಟ ಅಂತ ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಚಪ್ಪಲಿ ಬಿಟ್ಟು ವೇದಿಕೆ ಹತ್ತಿ, ಸನ್ಮಾನಕ್ಕೆಂದು ಕೈಗೆ ಕೊಟ್ಟ ಹಾರವನ್ನು ನಂಜಣ್ಣನ ಪಾದದ ಹತ್ತಿರ ಇಟ್ಟು, ಕಣ್ಣೊರೆಸಿಕೊಂಡು, ಮೈಕು ಹಿಡಿದರು. ನೆಂಟರಿಷ್ಟರಿಗೆ ದುಃಖ ಭರಿಸುವ ಶಕ್ತಿ ಸಿಗಲಿ ಅಂದರು. ಗೌರಮ್ಮನ ಕಡೆ ತಿರುಗಿ, ಧೈರ್ಯ ತಗೊಳ್ಳಿ ತಾಯಿ, ನಾವಿದ್ದೇವೆ ಅಂದರು. ಅಧ್ಯಕ್ಷರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಅತಿಥಿಗಳ ಮಾತನ್ನು ನಡುವೆ ತಡೆದು ಅವರಿಗೆ ಅಭ್ಯಾಸವಿರಲಿಲ್ಲ.

'ಇಂಥ ದೊಡ್ಡ ಕಲಾವಿದನನ್ನ ಬದುಕಿದ್ದಾಗ ನಾವ್ಯಾರೂ ಗುರುತಿಸಲಿಲ್ಲ. ಈಗ ಹೂವು ಹಾಕಿ ಏನು ಬಂತು?' ಅಂದರು ಅತಿಥಿಗಳು. ಮಾತು ನಿಜವೇ ಆಗಿದ್ದರಿಂದ ಜನ ಚಪ್ಪಾಳೆ ತಟ್ಟಿದರು. ನಂಜಣ್ಣನ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸಬೇಕು ಅಂದರು. ಎಲ್ಲರೂ ಎದ್ದೆವು. ಏಳಿ ಅಂದರೆ ಏಳುವುದು ನಮ್ಮ ಜನರ ರೂಢಿ. ಒಮ್ಮೆ ಮೌನ ಶುರುವಾದ ಮೇಲೆ ಬಾಯಿ ಬಿಟ್ಟು, ಇವನು ಸತ್ತಿಲ್ಲ ಅಂತ ಹೇಳುವುದು ಅಗೌರವ. ನಂಜಣ್ಣ ಯಾಕೆ ಏಳಲಿಲ್ಲ ಅಂತ ನೀವು ಕೇಳಬಹುದು. ಅವನ ಕೆಲಸದಲ್ಲಿ ಸುತ್ತ ಏನೇ ನಡೆದರೂ ಕಟ್ ಅನ್ನುವವರೆಗೆ ಅಲ್ಲಾಡಬಾರದು. ಯಾರೂ ಕಟ್ ಅಂದಿರಲಿಲ್ಲ.

ಅದು ಹೊಳೆದ ಕೂಡಲೇ ನಾನೇ, ಕಟ್ ಅಂದೆ.

ನಂಜಣ್ಣ ಕಣ್ಣು ಬಿಟ್ಟು ಅತಿಥಿಗಳಿಗೆ ಕೈ ಮುಗಿದ. ಅವರು ಹಿಂದೆ ಸರಿದವರು ಕಾಯಿ ಚೀಲದ ಮೇಲೆ ಕೂತುಬಿಟ್ಟರು, ಶಿವನೇ ಶಿವನೇ ಅನ್ನುವುದು ಮೈಕಿನಲ್ಲಿ ಬೀದಿಗೆಲ್ಲ ಕೇಳಿಸಿತು. ಗೌರಮ್ಮ ಸೆರಗು ತೆಗೆದವಳಿಗೆ ಅತಿಥಿಗಳ ಚಿಂತೆ ಇರಲಿಲ್ಲ. ಇಷ್ಟೆಲ್ಲ ಶಾಸ್ತ್ರೋಕ್ತವಾಗಿ ಮಾಡಿದ್ದಾರೆ, ಇದು ಅಂಟಿಕೊಂಡರೆ ಗತಿಯೇನು ಅನ್ನುವುದೊಂದೇ ಅವಳ ಭಯ. ಮೊಬೈಲ್ ಹಿಡಿದವರ ಕಡೆ ಕೈ ತೋರಿಸಿ, 'ನಗ್ರೀ, ಅತ್ಲಾಗ್ ನೋಡ್ಕೊಂಡ್ ನಗ್ರೀ' ಅಂತ ಗಂಡನಿಗೆ ಕೂಗಿಕೊಂಡಳು. ನಂಜಣ್ಣ ಹಲ್ಲು ನೋವಿನವನ ಹಾಗೆ ತುಟಿ ಎಳೆದ.

ಆ ತುಂಡು ಫೋನಿಂದ ಫೋನಿಗೆ ಹೋಯಿತು. ಸಂಜೆಯೊಳಗೆ ತುರುವೇಕೆರೆ, ಮಾರನೇ ದಿನ ಬೆಂಗಳೂರು. ಎಳನೀರು ಅಂಗಡಿಯವರು, ಬಸ್ ಕಂಡಕ್ಟರು, ಯಾರು ಕಂಡರೂ ನಂಜಣ್ಣನಿಗೆ 'ನಗ್ರೀ' ಅನ್ನತೊಡಗಿದರು. ಎಷ್ಟೋ ಸಿನಿಮಾಗಳ ಕೆಲಸ ಮಾಡದ್ದನ್ನು ಆ ಒಂದು ಹಲ್ಲು ನೋವು ಮಾಡಿತು. ನಂಜಣ್ಣ ಈಗ ಹೆಸರಾದ ಮನುಷ್ಯ. ನನಗೂ ಖುಷಿಯೇ ಆಯಿತು, ಮುಂದಿನದು ಗೊತ್ತಿರಲಿಲ್ಲವಲ್ಲ.

ಆ ಹುಡುಗನ ಸಿನಿಮಾ ತಿಪಟೂರಿಗೆ ಬಂತು. ಮಧ್ಯಾಹ್ನದ ಆಟಕ್ಕೆ ಮೂವರೂ ಹೋದೆವು. ನಡುವೆ ನಂಜಣ್ಣ, ಆಚೆ ಗೌರಮ್ಮ, ಈಚೆ ನಾನು. ಟಾಕೀಸು ತುಂಬಿತ್ತು. ಟೈಟಲ್ಲಿನಲ್ಲಿ ಬರೀ 'ಹಾಲ್ಕುರಿಕೆ ನಂಜಪ್ಪ' ಅಂತ ಬಂತು, ಸಿಳ್ಳೆಯೋ ಸಿಳ್ಳೆ. ಅವನ ದೃಶ್ಯವೂ ಬಂತು. ಹುಡುಗ ತುಂಬ ಚೆನ್ನಾಗಿ ತೆಗೆದಿದ್ದ. ದೂರದಿಂದ ಓಡಿಬಂದ ಮಗ, ದಾರಿ ಬಿಡುವ ಜನ, ಗೋಡೆಯ ಪಕ್ಕ ಕೂತಿರುವ ಅಪ್ಪ. ಸಂಗೀತ ಇಲ್ಲ. ಕ್ಯಾಮೆರಾ ನಿಧಾನವಾಗಿ ನಂಜಣ್ಣನ ಮುಖದ ಹತ್ತಿರ ಹೋಗುತ್ತದೆ. ಪಕ್ಕದಲ್ಲೇ ಕೂತಿದ್ದವನನ್ನು ಮರೆತು ನಾನು ಪರದೆಯ ಮೇಲಿನವನಿಗೆ ಕೈ ಮುಗಿದೆ.

ಮುಂದಿನ ಬೆಂಚಿನಿಂದ ಯಾರೋ, 'ನಗ್ರೀ' ಅಂದರು.

ಇನ್ನೊಂದು ಮೂಲೆಯಿಂದ ಇನ್ನೊಬ್ಬರು ಅಂದರು. ಆಮೇಲೆ ಇಡೀ ಟಾಕೀಸು ಒಂದೇ ದನಿಯಲ್ಲಿ ನಗ್ರೀ ನಗ್ರೀ ಅಂತ ಕೂಗಿತು. ಕಾಗದದ ಚೂರು ಎಸೆದರು, ಸೀಟಿನ ಮೇಲೆ ನಿಂತು ಕುಣಿದರು. ಹೀರೋ ಅಳುತ್ತಿದ್ದದ್ದು ಯಾರಿಗೂ ಕೇಳಲಿಲ್ಲ. ಅವರದು ಗೇಲಿಯಲ್ಲ. ನಮ್ಮೂರ ನಂಜಣ್ಣ ಅನ್ನುವ ಅಭಿಮಾನ. ಪರದೆಯ ಮೇಲಿನ ನಂಜಣ್ಣ ಮಾತ್ರ ಅಲ್ಲಾಡದೆ ಕೂತಿದ್ದ.

ಪಕ್ಕದ ನಂಜಣ್ಣ ನನ್ನ ಕಡೆ ಬಗ್ಗಿದ. 'ಹೆಣ ಸತ್ತೋಯ್ತು ಕಣಕ್ಕಾ' ಅಂದ.

ಅವನು ಹೇಳಿದ್ದು ಸರಿಯಾಗಿತ್ತು. ಮುಖ ಗೊತ್ತಿಲ್ಲದಿದ್ದಾಗ ಮಾತ್ರ ಜನ ಆ ಮುಖದ ಮುಂದೆ ಅಳಬಲ್ಲರು. ಇನ್ನು ಅವನನ್ನು ಎಲ್ಲಿ ಕೂರಿಸಿದರೂ ಜನ ನಗುತ್ತಾರೆ, ಯಾವ ನಿರ್ದೇಶಕನೂ ಕರೆಯುವುದಿಲ್ಲ. ಹಾಗೆಯೇ ಆಯಿತು, ಅದೇ ಅವನ ಕೊನೆಯ ಸಿನಿಮಾ. ನಾನು ಈ ಕೆಲಸ ಬಿಟ್ಟದ್ದಕ್ಕೆ ಮಂಡಿಯೊಂದೇ ಕಾರಣ ಅಂತ ಹೇಳಿದರೆ ಸುಳ್ಳಾಗುತ್ತದೆ. ಗೌರಮ್ಮನಿಗಾದರೂ ಸಮಾಧಾನ ಹೇಳೋಣ ಅಂತ ಆ ಕಡೆ ತಿರುಗಿದೆ.

ಅವಳ ಸೆರಗು ಹೆಗಲ ಮೇಲಿತ್ತು. ತಾನು ಕೂಗಿದ ಮಾತನ್ನೇ ಅಷ್ಟು ಜನ ಕೂಗುವಾಗ ಬೆಚ್ಚಿ ಕಣ್ಣು ಬಿಟ್ಟಿದ್ದಳೋ ಏನೋ. ಬಿಟ್ಟ ಕಣ್ಣನ್ನು ಪರದೆಯಿಂದ ಕೀಳಲಿಲ್ಲ. ಸುತ್ತ ಗದ್ದಲವೋ ಗದ್ದಲ, ಅವಳಿಗೆ ಯಾವುದೂ ಬೇಡ. ದೃಶ್ಯ ಕೊನೆಯಾಗುವವರೆಗೂ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ, ಅವನ ಮೂಗಿನ ಕೆಳಗೆ ಬೆರಳಿಟ್ಟು ಪರೀಕ್ಷೆ ಮಾಡಿದಳು.

'ಉಸ್ರೇ ಕಾಣ್ಲಿಲ್ವಲ್ರೀ. ಎಲ್ ಬಚ್ಚಿಟ್ಕೊಂಡಿದ್ರಿ?' ಅಂದಳು.

ನಂಜಣ್ಣ ನಕ್ಕ. ಹಲ್ಲು ನೋವಿನ ನಗುವಲ್ಲ. ಹೊಟ್ಟೆ ಹಿಡಿದುಕೊಂಡು, ಭುಜ ಕುಣಿಸಿಕೊಂಡು, ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂದು ನಕ್ಕ. ಟಾಕೀಸಿನ ಗದ್ದಲ ಅಷ್ಟು ಹೊತ್ತಿಗೆ ಅಡಗಿತ್ತು, ಪರದೆಯ ಮೇಲೆ ಸಮಾಧಿಯ ಕೆಲಸ ನಡೆಯುತ್ತಿತ್ತು, ಇವನ ನಗು ಮಾತ್ರ ನಿಲ್ಲಲಿಲ್ಲ. ಮುಂದಿನ ಸಾಲಿನವರು ಒಬ್ಬರು ಸಿಡುಕಿಕೊಂಡು ಹಿಂದೆ ತಿರುಗಿದರು. ನಂಜಣ್ಣನ ಮುಖವನ್ನು ನೇರವಾಗಿ ನೋಡಿದರು. ಗುರುತು ಸಿಗಲಿಲ್ಲ.

'ಸುಮ್ನೆ ಕೂತ್ಕೊಳಿ ಸ್ವಾಮಿ, ಸಾವಿನ್ ಸೀನು ನಡೀತೈತೆ' ಅಂದರು.

'ನಗ್ಲಿ ಬುಡಿ' ಅಂದಳು ಗೌರಮ್ಮ. 'ಬಾಳಾ ದಿನದ್ದು ಬಾಕಿ ಇತ್ತು.'